ಕೂಗಿದರೆ ಕೇಳಿಸಬೇಕು

ಹಾಸಿಗೆ ಹಿಡಿದ ಮುದುಕರನ್ನು ನೋಡಿಕೊಳ್ಳುವುದು ಆಯಾಳ ಕಸುಬು. ಆಯುಷ್ಯವೆಲ್ಲ ಪರರ ಮಂಚದ ಪಕ್ಕ ಚಾಪೆಯ ಮೇಲೆ ಮಲಗಿದವಳು. ಕೊನೆಯ ಅಜ್ಜಿಯೂ ತೀರಿಕೊಂಡ ಮೇಲೆ ಕೆಲಸ ಬಿಟ್ಟು, ತನ್ನ ಬಾಡಿಗೆ ಕೋಣೆಗೊಂದು ಒಳ್ಳೆಯ ಹಾಸಿಗೆ ಕೊಳ್ಳಲು ಹೊರಟಳು.

“ಮಲಗಿ ನೋಡಿಯಮ್ಮ. ಹದಿನೈದು ವರ್ಷ ಬಾಳಿಕೆ ಬರುತ್ತೆ” ಎಂದ ಅಂಗಡಿಯವನು.

“ಅಷ್ಟು ವರ್ಷ ನಾನು ಬಾಳಬೇಕಲ್ಲಪ್ಪ!” ಎಂದು ಸಿಡುಕುತ್ತಲೇ ಮಲಗಿದಳು. ಸೊಂಟ ಹಗುರಾಯಿತು, ಕಣ್ಣಿಗೆ ಜೊಂಪು ಹತ್ತಿತು.

ಅಷ್ಟರಲ್ಲಿ ಅಂಗಡಿಯ ಬಾಗಿಲ ಗಂಟೆ ಕಿಣಿಕಿಣಿ ಎಂದಿತು.

“ಬಂದೆ ಅಜ್ಜಿ, ಬಂದೆ!” ಎಂದು ದಡಬಡಿಸಿ ಎದ್ದಳು. ಒಳಗೆ ಬಂದದ್ದು ಯಾರೋ ಗಿರಾಕಿ.

“ಇದು ಬೇಡಪ್ಪ. ಇಷ್ಟು ಮೆತ್ತಗಿದ್ರೆ ಗಾಢ ನಿದ್ದೆ ಬಂದ್ಬಿಡುತ್ತೆ. ಕೂಗಿದ್ರೆ ಕೇಳಿಸಲ್ಲ” ಎಂದಳು ಆಯಾ.

“ಮನೇಲಿ ಯಾರಿದ್ದಾರಮ್ಮ ಕೂಗೋಕೆ?”

ಯಾರೋ ಬಂದು ಮಲಗುವವರಿದ್ದಾರೆ ಎನ್ನುವಂತೆ, ಆಯಾ ತಾನು ಮಲಗಿದ್ದ ಚಾದರದ ಸುಕ್ಕನ್ನು ಅಂಗೈಯಿಂದ ಸರಿಮಾಡಿದಳು.