ಬಿಸಿಲಲ್ಲಿ ಉಣ್ಣೆಯ ಟೋಪಿ

ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಇಂದು ಕೋಟು ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳುವಷ್ಟು ಬಿಸಿಲು. ಟ್ರಾಮ್ ನಿಲ್ದಾಣದಲ್ಲಿ ಐಸ್‌ಕ್ರೀಮ್ ತಿನ್ನುವವರ ನಡುವೆ, ನನ್ನನ್ನು ಕರೆದೊಯ್ಯಲು ಬಂದ ನಸ್ರೀನ್ ಮಾತ್ರ ಕಿವಿ ಮುಚ್ಚುವ ಉಣ್ಣೆಯ ಟೋಪಿ ಹಾಕಿಕೊಂಡು ನಿಂತಿದ್ದಳು. ದಾವಣಗೆರೆಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ, ಇಲ್ಲಿ ಇಂಜಿನಿಯರ್. ಊರಲ್ಲಿ ಅವಳು ಸ್ಕಾರ್ಫ್ ಇಲ್ಲದೆ ಹೊರಗೆ ಬಂದದ್ದನ್ನು ನಾನು ನೋಡಿಲ್ಲ. ಈಗ ಹಣೆಯಿಂದ ಬೆವರು ಇಳಿಯುತ್ತಿತ್ತು.

"ಜ್ವರ ಬಂದಿದ್ಯೇನೇ?" ಎಂದೆ.

"ಇಲ್ಲ ಆಂಟಿ. ಹೋದ ತಿಂಗಳು ಟ್ರಾಮಲ್ಲಿ ಒಬ್ಬ ಸ್ಕಾರ್ಫ್ ಹಿಡಿದು ಎಳೆದ. ಪಿನ್ನು ಕತ್ತಿಗೆ ಚುಚ್ತು. ವಿಂಟರಲ್ಲಿ ಟೋಪಿ ಹಾಕಿದ್ರೆ ಯಾರೂ ಏನೂ ಅನ್ನಲ್ಲ. ಅದೇ ಕೂದಲು, ಅದೇ ಕಿವಿ ಮುಚ್ಚಿರುತ್ತೆ. ಅದಕ್ಕೇ ಇದನ್ನೇ ಕಂಟಿನ್ಯೂ ಮಾಡ್ತಿದೀನಿ."

"ಮನೇಲಿ ಹೇಳಿದ್ಯಾ?"

"ಅಣ್ಣಂಗೆ ಎಳೆದಿದ್ದು ಗೊತ್ತಿಲ್ಲ. ವಿಡಿಯೋ ಕಾಲಲ್ಲಿ ಟೋಪಿ ನೋಡಿ, ಜರ್ಮನಿಗೆ ಹೋದ್ಮೇಲೆ ಫ್ಯಾಷನ್ ಜಾಸ್ತಿ ಆಯ್ತು ಅಂದ. ಆಫೀಸಲ್ಲಿ ಬೆಂಗಳೂರಿನವನೊಬ್ಬ ಇದಾನೆ. ಇಲ್ಲಿ ನಿನ್ನನ್ನ ಕೇಳೋರು ಯಾರೂ ಇಲ್ವಲ್ಲ, ತಲೆ ಯಾಕೆ ಮುಚ್ಕೋತೀಯ ಅಂತ ದಿನಾ ಕೇಳ್ತಾನೆ."

ಇಬ್ಬರಿಗೂ ಅಲ್ಲೇ ಫೋನ್ ಹಚ್ಚಿ ಉಗಿಯೋಣ ಅನ್ನಿಸಿತು. ಅಷ್ಟರಲ್ಲಿ ಟ್ರಾಮ್ ಬಂತು.

ಎದುರು ಸೀಟಿನ ಮುದುಕರೊಬ್ಬರು ಅವಳ ತಲೆ ನೋಡಿ, ನಗುತ್ತಾ ಜರ್ಮನ್‌ನಲ್ಲಿ ಏನೋ ಹೇಳಿದರು. ನನಗೆ ಒಳ್ಳೆಯವರ ಹಾಗೇ ಕಂಡರು. ನಸ್ರೀನ್ ಮುಖ ಬಿಳಿಚಿಕೊಂಡಿತು.

"ಏನಂತೆ?"

"ಬಿಸಿಲು ಬಂತಲ್ಲ ಮಗಳೇ, ಇನ್ನಾದ್ರೂ ಅದನ್ನ ತೆಗಿ ಅಂತ."

ಅವಳು ಎರಡೂ ಕೈಯಿಂದ ಟೋಪಿಯನ್ನು ಹಿಡಿದುಕೊಂಡಳು. ನಾವು ಇಳಿಯುವವರೆಗೂ ಬಿಡಲಿಲ್ಲ.