ಬಾಗಿಲು ತಟ್ಟದೆ ಹೋದವರು

ಇವತ್ತು ಬೆಳಿಗ್ಗೆ ಗೊಜ್ಜಿಗೆಂದು ಕಿತ್ತಳೆ ಸಿಪ್ಪೆ ಹುರಿಯುತ್ತಿದ್ದೆ. ಆ ಘಮಕ್ಕೆ ಕ್ರ್ಯಾನ್‌ಬರಿ ಊರಿನ ಹಳೇ ಆಫೀಸು, ಪಕ್ಕದ ಕ್ಯೂಬಿಕಲ್‌ನ ಚೀನೀ ಆಂಟಿ ನೆನಪಾದರು. ದಪ್ಪ ಮಾನಿಟರುಗಳ ಕಾಲ ಅದು. ಊಟವಾದ ಮೇಲೆ ಅವರು ಕಿತ್ತಳೆ ಸುಲಿದು, ಸಿಪ್ಪೆಯನ್ನು ಬಿಸಿ ಮಾನಿಟರಿನ ನೆತ್ತಿಯ ಮೇಲೆ ಒಣಹಾಕುತ್ತಿದ್ದರು, ಚಹಾಕ್ಕೆ. ಅರ್ಧ ನನ್ನ ಗೊಜ್ಜಿಗೆ ಬರುತ್ತಿತ್ತು. ಆಂಟಿ ಎಂದು ಹೆಸರಿಟ್ಟವಳು ನಾನೇ.

ನಾನು ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಮೀಟಿಂಗಿನಲ್ಲಿ ಮ್ಯಾನೇಜರು ವಿವರಿಸುತ್ತಿದ್ದಾಗ ಕೈಯೆತ್ತಿ, "ಐ ಹ್ಯಾವ್ ಎ ಡೌಟ್ ಇನ್ ಯುವರ್ ಡಿಸೈನ್" ಅಂದೆ. ಕಾಲೇಜಿನಲ್ಲಿ ಮೇಷ್ಟ್ರನ್ನು ಕೇಳುತ್ತಿದ್ದ ಹಾಗೆ. ಒಂದು ಸಲವಲ್ಲ, ಮೂರು ಸಲ! ಇಲ್ಲಿಯವರ ಕಿವಿಗೆ ಅದು 'ನಿಮ್ಮ ಡಿಸೈನ್ ಮೇಲೆ ನಂಬಿಕೆಯಿಲ್ಲ' ಎಂದಂತೆ. ಅವರ ಮುಖ ಕೆಂಪಾಯಿತು. ಆಮೇಲೆ ಕರೆದು, ನೀನು 'ಇನ್ಸಲೆಂಟ್', ಕಾಂಟ್ರಾಕ್ಟ್ ಮುಂದುವರಿಸುವುದು ಕಷ್ಟ ಎಂದರು. ಕಾಂಟ್ರಾಕ್ಟ್ ಹೋದರೆ ವೀಸಾವೂ ಹೋದಂತೆ.

ಅಳುತ್ತಾ ಬಂದು ಕೂತೆ. ಆ ಪದದ ಅರ್ಥವೂ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಆಂಟಿ ತಮ್ಮ ಡಿಕ್ಷನರಿ ತೆಗೆದರು. ಅವರ ಭಾಷೆಯಲ್ಲಿ ಅದು 'ಫಾಂಗ್‌ಸ'... 'ಫಾಂಗ್' ಅಂದರೆ ಬಿಟ್ಟುಬಿಡುವುದು, ಹಗ್ಗ ಬಿಚ್ಚಿದ ಹಾಗೆ ಎಂದು ಕೈಮಾಡಿ ತೋರಿಸಿದರು. ಓ, ಅಜ್ಜಿ ನನ್ನನ್ನು ದಿನಾ ಬೈಯುತ್ತಿದ್ದ ಅಧಿಕಪ್ರಸಂಗ! ಆದರೆ ನಾನು ಹಗ್ಗ ಬಿಚ್ಚಿರಲಿಲ್ಲ. ನಮ್ಮ ಕಡೆ ಡೌಟ್ ಅಂದರೆ ಬರೀ ಪ್ರಶ್ನೆ ಎಂದೆ.

ಗ್ರೀನ್ ಕಾರ್ಡಿಗಾಗಿ ವರ್ಷಗಟ್ಟಲೆ ಕಾಯುತ್ತಾ, ಮೀಟಿಂಗಿನಲ್ಲಿ ಎಂದೂ ತುಟಿಪಿಟಕ್ ಎನ್ನದ ಹೆಂಗಸು ಅದು. ಸರಕ್ಕನೆ ಎದ್ದು, ಬಾಗಿಲೂ ತಟ್ಟದೆ ಮ್ಯಾನೇಜರ್ ರೂಮಿಗೆ ನುಗ್ಗಿದರು.

"ಹರ್ ಡೌಟ್ ಮೀನ್ಸ್ ಕ್ವೆಶ್ಚನ್. ಶೀ ಈಸ್ ನಾಟ್ ಇನ್ಸಲೆಂಟ್. ಐ ಡಿಡ್ ನಾಟ್ ನಾಕ್. ದಿಸ್ ಈಸ್ ಇನ್ಸಲೆಂಟ್!"

ಮ್ಯಾನೇಜರು ಜೋರಾಗಿ ನಕ್ಕದ್ದು ಕೇಳಿಸಿತು. ನನ್ನ ಕೆಲಸ ಉಳಿಯಿತು.

ಪ್ರಾಜೆಕ್ಟ್ ಮುಗಿದ ಮೇಲೆ ಆಂಟಿ ಕ್ಯಾಲಿಫೋರ್ನಿಯಾಗೆ ಹೋದರು. ಫೋನ್ ನಂಬರ್ ಬರೆದುಕೊಟ್ಟ ಚೀಟಿಯನ್ನು ಓಲ್ಡ್ ಬ್ರಿಡ್ಜ್ ಊರಿಗೆ ಮನೆ ಬದಲಿಸುವಾಗ ಕಳೆದೆ, ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ. ನಾನು ಇಲ್ಲಿ ಬೇರೂರಿದ್ದೇ ಅವರಿಂದ. ಅದನ್ನು ಅವರಿಗೆ ಹೇಳಲೇ ಇಲ್ಲ... ಈಗ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ.

ಸಿಪ್ಪೆ ಹುರಿಯುತ್ತಲೇ ಮಗಳಿಗೆ ಏನೋ ಬುದ್ಧಿ ಹೇಳುತ್ತಿದ್ದೆ. ಅವಳು ನಡುವೆಯೇ, "ಅಮ್ಮಾ, ದಟ್ ಮೇಕ್ಸ್ ನೋ ಸೆನ್ಸ್" ಅಂದಳು. 'ಅಧಿಕಪ್ರಸಂಗಿ' ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಒಲೆ ಸಣ್ಣ ಮಾಡಿ ಅವಳ ಕಡೆ ತಿರುಗಿದೆ.

"ಸರಿ, ಏನ್ ನಿನ್ ಡೌಟು? ಕೇಳು."