ಮಾವನವರ ಖರ್ಜದ ತಂತಿ

ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ನನ್ನನ್ನು ಬೇಸ್ ವಾದ್ಯದ ಹಿಂದೆ ನಿಲ್ಲಿಸಿದ್ದು ನಾನು ಎತ್ತರವಿದ್ದೆ ಎಂಬ ಒಂದೇ ಕಾರಣಕ್ಕೆ. ಪಿಟೀಲಿನದೇ ಆಕಾರ, ಆದರೆ ನನಗಿಂತ ಉದ್ದ, ನಿಂತೇ ನುಡಿಸಬೇಕು. ಉಳಿದ ಹುಡುಗಿಯರು ಪಿಟೀಲು, ಪಿಯಾನೋಗಳಲ್ಲಿ ಮಟ್ಟು ನುಡಿಸುತ್ತಿದ್ದರೆ ನಾನು ಹಿಂದೆ ನಿಂತು ಕೆಳಗಿನ ನಾಲ್ಕಾರು ಸ್ವರಗಳನ್ನು ಮೀಟುತ್ತಿದ್ದೆ. ಯಾರೂ ಅದನ್ನು ಕಿವಿಗೊಟ್ಟು ಕೇಳುತ್ತಿರಲಿಲ್ಲ. ನಾನು ಕೈ ಬಿಟ್ಟಾಗ ಮಾತ್ರ ಏನೋ ಕಡಿಮೆಯಾಯಿತೆಂದು ತಲೆಯೆತ್ತಿ ನೋಡುತ್ತಿದ್ದರು. ದಪ್ಪ ತಂತಿಯ ನಡುಕ ವೇದಿಕೆಯ ಹಲಗೆಗಿಳಿದು ನನ್ನ ಅಂಗಾಲಿಗೆ ಹತ್ತುತ್ತಿತ್ತು. ಮದುವೆಯಾಗಿ ಬೆಟಗೇರಿಗೆ ಬಂದ ಮೇಲೆ ನಾನು ತವರಿಗಿಂತ ಹೆಚ್ಚಾಗಿ ನೆನೆಸಿದ್ದು ಆ ನಡುಕವನ್ನು. ಇದನ್ನು ನಮ್ಮಮ್ಮನ ಮುಂದೆ ಎಂದೂ ಹೇಳಲಿಲ್ಲ.

ಗಂಡನ ಮನೆ ನೇಕಾರರದು. ಮುಂದಿನ ಪಡಸಾಲೆಯಲ್ಲಿ ಮಗ್ಗ, ಅದರ ಪಕ್ಕದ ಗೋಡೆಗೆ ಮಾವನವರ ತಂಬೂರಿ. ಅವರು ಓಣಿಯ ಭಜನೆ ಮೇಳದ ಹಿರಿಯರು. ಸ್ವಾತಂತ್ರ್ಯ ಬಂದ ಬೆಳಿಗ್ಗೆ ಅವರು ಹಾಡಿದ್ದು ಓಣಿ ದಾಟಿ ಗದಗಿನ ರಸ್ತೆಯವರೆಗೂ ಕೇಳಿತ್ತು ಎಂದು ಅತ್ತೆ ಹೇಳುತ್ತಿದ್ದರು. ನಾನು ಆಗಿನ್ನೂ ಆ ಮನೆಗೆ ಬಂದಿರಲಿಲ್ಲ. ನಾನು ಬರುವ ಹೊತ್ತಿಗೆ ವಿಷಮಜ್ವರವೊಂದು ಅವರ ಗಂಟಲನ್ನು ಕೆಳಗೆ ಇಳಿಸಿಬಿಟ್ಟಿತ್ತು. ಮೇಳದವರ ಎತ್ತರಕ್ಕೆ ಏರಲಾಗದೆ ಅವರು ತಾಳ ಹಿಡಿದು ಸುಮ್ಮನೆ ಕೂರುತ್ತಿದ್ದರು.

ಅಷ್ಟರಲ್ಲಿ ಏಕೀಕರಣದ ವರ್ಷ ಬಂತು. ಮುಂಬೈ ಪ್ರಾಂತದ ನಾವು, ಹಿಂದೆ ಸಂಸ್ಥಾನದಲ್ಲಿದ್ದ ಲಕ್ಷ್ಮೇಶ್ವರದ ಬೀಗರು, ಮುಂಡರಗಿಯ ಆಚೆ ಹೈದರಾಬಾದಿಗೆ ಸೇರಿದ್ದ ನೆಂಟರು, ಎಲ್ಲರೂ ಇನ್ನು ಒಂದೇ ನಾಡಿನವರು. ನವೆಂಬರದ ಆ ಬೆಳಿಗ್ಗೆ ಓಣಿಯ ಚೌಕದಲ್ಲಿ ಹಾಡಲೆಂದು ಮಾವನವರು ತಾವೇ ಒಂದು ಪದ ಕಟ್ಟಿದ್ದರು. ಬರೆದಿಡಲಿಲ್ಲ, ಅವರಿಗೆ ಆ ರೂಢಿಯೇ ಇರಲಿಲ್ಲ. ಅದನ್ನು ತಾವೇ ಹಾಡಬೇಕೆಂಬುದೊಂದೇ ಅವರ ಆಸೆ.

ಅದಕ್ಕೆ ತಂಬೂರಿ ಅವರ ಗಂಟಲಿನಷ್ಟು ಕೆಳಗೆ ಇಳಿಯಬೇಕಿತ್ತು. ಇಳಿಸಿದರೆ ಖರ್ಜದ ತಂತಿ, ಎಂದರೆ ಎಲ್ಲಕ್ಕಿಂತ ಕೆಳಗಿನ ಷಡ್ಜ ನುಡಿಯುವ ಕೊನೆಯ ತಂತಿ, ಸಡಿಲಾಗಿ ಪಟಪಟ ಬಡಿಯುತ್ತಿತ್ತು. ಮೇಳ ಯಾವಾಗಲೂ ಹಾಡುತ್ತಿದ್ದುದು ಪೇಟಿಯ ನಾಲ್ಕನೆಯ ಬಿಳಿ ಮಣೆಯ ಶ್ರುತಿಗೆ. ಮೇಳದ ಪೇಟಿ ಮಾಸ್ತರರಿಗೂ ಒಪ್ಪಿಗೆ ಇರಲಿಲ್ಲ. ಅವರು ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಕೈಯಿಟ್ಟು ಹೇಳಿದರು:

"ದೊಡ್ಡಾವ್ರ, ನನ್ನ ಬಟ್ಟು ಬಿಳಿ ನಾಕಕ್ಕ ತಾವಾ ಹೋಗಿ ಕುಂಡರ್ತಾವ್ರಿ. ಇಷ್ಟ ಕೆಳಗ ಒತ್ತಿದ್ರ ಪೇಟಿ ಎಮ್ಮಿ ಒದರಿದಂಗ ಒದರತೈತಿ."

"ಎಮ್ಮಿ ಒದರಲಿ ಬಿಡೋ ಮಾರಾಯ, ಹಾಲರ ಕೊಡತೈತಿ," ಎಂದರು ಮಾವನವರು. "ನಿನ್ನ ಬಿಳಿ ನಾಕು ನನಗೇನ ಕೊಡತೈತಿ?"

ಹುಬ್ಬಳ್ಳಿಯಿಂದ ದಪ್ಪ ಹಿತ್ತಾಳೆ ತಂತಿ ತರಿಸಿದ್ದಾಯಿತು. ಮಾವನವರು ಒಮ್ಮೆ ಮೀಟಿ ಮುಖ ಕಿವಿಚಿದರು. "ಕಂಚಗಾರ ಓಣ್ಯಾಗ ಕುಂತಂಗಾತು. ತಗೀರಿ ಇದನ್ನ." ಅವರಿಗೆ ಬೇಕಾದ ದನಿ ಬೇರೆ. ಝೇಂಕಾರ ಬೇಡ, ಹೊಳಪು ಬೇಡ; ಉಗುರು ತಾಗದೆ ಬೆರಳಿನ ಮಾಂಸದಿಂದಲೇ ಮೀಟಬೇಕು; ತಂತಿಯ ಕೆಳಗೆ ಝೇಂಕಾರಕ್ಕೆಂದು ಸಿಕ್ಕಿಸುವ ನೂಲಿನ ಎಳೆಯನ್ನೂ ಅವರು ಕಿತ್ತು ಹಾಕಿದ್ದರು. ಪೇಟಿ ಮಾಸ್ತರರಿಗೆ ಆ ಎಳೆ ಇಲ್ಲದ ತಂಬೂರಿ ಉಪ್ಪಿಲ್ಲದ ಸಾರು. ಈ ವಿಷಯಕ್ಕೆ ಇಬ್ಬರೂ ಚಹಾ ಆರಿಹೋಗುವ ತನಕ ಜಗಳಾಡುತ್ತಿದ್ದರು. ಮಾವನವರು ಹುಡುಕುತ್ತಿದ್ದ ದನಿ ಯಾವುದೆಂದು ಆ ಮನೆಯಲ್ಲಿ ನನಗೊಬ್ಬಳಿಗೆ ಗೊತ್ತಿತ್ತು.

ಒಂದು ಮಧ್ಯಾಹ್ನ ರಾಟಿಯ ಮುಂದೆ ಕುಳಿತು ರೇಷ್ಮೆ ಸುತ್ತುತ್ತಿದ್ದ ಅತ್ತೆಗೆ ಶಾಲೆಯ ಆ ವಾದ್ಯದ ಕತೆ ಹೇಳಿದೆ. ಅದರ ಕೆಳಗಿನ ತಂತಿ ಬರೀ ತಂತಿಯಲ್ಲ, ಒಳಗೆ ಮೆತ್ತನೆಯ ಎಳೆ, ಮೇಲೆ ಸಣ್ಣ ತಾಮ್ರದ ಸುತ್ತು ಎಂದೆ.

"ಒಳಗಿನ ಎಳಿ ಯಾತರದವಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಕುರಿ ಕರುಳಿಂದರಿ ಅತ್ತಿ."

ರಾಟಿ ನಿಂತಿತು. "ಅಯ್ ಶಿವನ! ಕರುಳು ಮೀಟಾಕ ಕಲಿಸಿದ್ರೇನವಾ ನಿನಗ ಇಂಗ್ಲಿಷ್ ಸಾಲ್ಯಾಗ? ನಿಮ್ಮಪ್ಪ ರೊಕ್ಕಾ ಕಟ್ಟಿ ಕಳಿಸಿದ್ದು ಇದಕ್ಕೇನು?" ಎಂದು ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡು, ಮತ್ತೆ ಗಂಭೀರರಾದರು. ಕರುಳು ಆ ಮನೆಯ ಹೊಸ್ತಿಲು ದಾಟುವ ಮಾತೇ ಇರಲಿಲ್ಲ. ಮತ್ತೆ ರಾಟಿ ತಿರುಗಿಸಹೋದವರು ಕೈಯಲ್ಲಿದ್ದ ಎಳೆಯನ್ನು ಬೆಳಕಿಗೆ ಹಿಡಿದು ಹೇಳಿದರು: "ಮೆತ್ತನ್ನ ಎಳಿ ಬೇಕಂದ್ರ ಇದೇನು ಕಮ್ಮಿ ಐತಿ? ಜರಿ ಮಾಡೂದೂ ಹಿಂಗಾ ಅಲ್ಲೇನು? ಒಳಗ ರೇಷ್ಮಿ, ಮ್ಯಾಲ ಬೆಳ್ಳಿ."

ನಾನು ಎಷ್ಟೋ ಸಲ ಜರಿ ಸೀರೆ ಉಟ್ಟಿದ್ದೆ, ಆದರೆ ಎಂದೂ ಹೀಗೆ ಯೋಚಿಸಿರಲಿಲ್ಲ.

ನನ್ನ ಗಂಡ ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ಯಂತ್ರದ ಕೆಲಸದಲ್ಲಿದ್ದರು. ಸುಟ್ಟುಹೋದ ಮೋಟಾರೊಂದರಿಂದ ಕೂದಲಿನಂಥ ತಾಮ್ರದ ತಂತಿ ಬಿಚ್ಚಿಕೊಂಡು ಬಂದರು. ಅತ್ತೆ ರೇಷ್ಮೆಯ ಎಳೆಗಳನ್ನು ಕೂಡಿಸಿ ಹುರಿ ಹಾಕಿ ರಾಟಿಗೆ ಕಟ್ಟಿದರು. ಅವರು ತಿರುಗಿಸುತ್ತಿದ್ದರೆ ನಾನು ಎರಡು ಬೆರಳ ನಡುವೆ ತಾಮ್ರವನ್ನು ಒತ್ತಿ ಹಿಡಿದು ಸುತ್ತುತ್ತ ಸರಿಯುತ್ತಿದ್ದೆ. ಬೆರಳಿನ ತುದಿ ಕೆಂಪಾಗಿ ಬಿಸಿಯಾಗುತ್ತಿತ್ತು. ಆದರೆ ಮೊದಲ ತಂತಿ ಬಿಗಿದ ಕೂಡಲೇ ಒಳಗಿನ ರೇಷ್ಮೆ ಜಾರಿ ಸುತ್ತು ಸಡಿಲಾಯಿತು. ನೇಕಾರರಿಗೆ ಎಳೆಯ ಯಾವ ರೋಗಕ್ಕೂ ಒಂದೇ ಮದ್ದು. ಅತ್ತೆ ರೇಷ್ಮೆಯನ್ನು ಗಂಜಿಯಲ್ಲಿ ಅದ್ದಿ, ಮಗ್ಗದ ಹಾಸಿನ ಎಳೆಗಳಿಗೆ ಹಚ್ಚುವ ಹಾಗೆ ಕೈಯಿಂದ ಸವರಿ, ಅಂಗಳದಲ್ಲಿ ಒಣಗಿಸಿದರು. ತಂತಿ ಗಟ್ಟಿಯಾಗಿ ಕುಳಿತಿತು, ದನಿಯೂ ಬಂತು. ಮರುದಿನ ನೋಡಿದರೆ ಗೋಡೆಯ ಉದ್ದಕ್ಕೂ ಇರುವೆಯ ಸಾಲು, ನೆಟ್ಟಗೆ ತಂಬೂರಿಗೆ.

"ನೋಡ್ರಿ," ಎಂದರು ಮಾವನವರು, "ನನ್ನ ಹಾಡು ಕೇಳಾಕ ಮಂದಿ ಆಗಲೇ ಬರಾಕತ್ತಾರ."

ಆಮೇಲೆ ಗಂಜಿಯ ಬದಲು ಜೇನುಮೇಣ ತಿಕ್ಕಿದೆವು. ಈ ಸಲ ತಂಬೂರಿಯ ಬುರುಡೆಯನ್ನು ನಾನೇ ಮಗ್ಗದ ಮರಕ್ಕೆ ಆನಿಸಿ ಇಟ್ಟೆ, ಶಾಲೆಯಲ್ಲಿ ಬೇಸಿನ ಕಾಲು ಹಲಗೆಗೆ ಊರಿರುತ್ತಿತ್ತಲ್ಲ, ಹಾಗೆ. ಮಾವನವರು ಮೀಟಿದರು. ದನಿ ಮಗ್ಗಕ್ಕಿಳಿದು ನೆಲದಲ್ಲಿ ಹರಡಿತು. ನನ್ನ ಅಂಗಾಲಿಗೆ ಅದು ಮುಟ್ಟಿದಾಗ ನಾನು ಒಳಗೆ ಹೋಗಿ ನೀರು ಕುಡಿದು ಬಂದೆ. ಅವರು ಕಣ್ಣು ಮುಚ್ಚಿಕೊಂಡು ತಮ್ಮ ಪದದ ಮೊದಲ ಸಾಲನ್ನು ಹಾಡಿ ನಿಲ್ಲಿಸಿದರು. 'ಹರಿದ ಸೆರಗ ಹೊಲಿದುಟ್ಟಳೇ ತಾಯಿ' ಎಂದಿತ್ತು.

"ಮುಂದ, ಮಾವಾರ?"

"ಮಗ್ಗದ ಮ್ಯಾಲಿನ ಸೀರಿ ಕೊಯ್ಯೂಕಿಂತ ಮೊದಲ ಬಿಚ್ಚಿ ತೋರಸ್ತಾರೇನವಾ? ಅವತ್ತ ಕೇಳು."

ಅದು ನಿಜವೇ. ನೇಯ್ದದ್ದನ್ನು ಸುತ್ತಿಕೊಂಡೇ ಹೋಗುತ್ತಾರೆ, ಮುಗಿದು ಕೊಯ್ಯುವ ತನಕ ಯಾರಿಗೂ ತೋರಿಸುವುದಿಲ್ಲ. ಆಮೇಲೆ ದಿನಾ ತಂತಿ ಪರೀಕ್ಷಿಸಲು ಅದೊಂದೇ ಸಾಲು. ನಾನು ಕಾಯ್ದೆ.

ಆ ಬೆಳಿಗ್ಗೆ ಚೌಕದಲ್ಲಿ ಹಲಗೆಯ ವೇದಿಕೆ ಕಟ್ಟಿದ್ದರು. ಹಲಗೆ ನೋಡಿ ನನಗೆ ಸಂತೋಷವಾಯಿತು. ಆದರೆ ಓಣಿಯವರಿಗೆ ಅಂಥ ದಿನ ಬರೀ ಹಲಗೆಯ ಮೇಲೆ ಹಾಡುವವರನ್ನು ಕೂರಿಸುವುದು ಹೇಗೆ? ಮನೆಮನೆಯಿಂದ ತಾವು ನೇಯ್ದ ಜಮಖಾನೆ ತಂದರು. ಒಬ್ಬರದು ಹಾಸಿ ಇನ್ನೊಬ್ಬರದು ಬಿಟ್ಟರೆ ಅವಮಾನವೆಂದು ಒಂದರ ಮೇಲೊಂದು ಹಾಸಿ ಹಾಸಿ ಗಾದಿಯಂತೆ ಮಾಡಿಬಿಟ್ಟರು. ಮಾವನವರು ಅದರ ಮೇಲೆ ಕುಳಿತು ತಂಬೂರಿ ಇಟ್ಟುಕೊಂಡು ಮೀಟಿದಾಗ, ಹೆಂಗಸರ ಗುಂಪಿನಲ್ಲಿದ್ದ ನನಗೆ ಏನೂ ಕೇಳಲಿಲ್ಲ. ದನಿಯನ್ನೆಲ್ಲ ಜಮಖಾನೆಗಳು ಕುಡಿದಿದ್ದವು. ಮೈಕು ಪೇಟಿಯ ಮುಂದೆ ಇತ್ತು.

"ಅತ್ತಿ, ಬುರುಡಿ ಕೆಳಗಿನ ಜಮಖಾನಿ ಸರಸಾಕ ಹೇಳ್ರಿ," ಎಂದೆ.

"ಯಾರ ಮನೀದು ಸರಸಾಕ ಹೇಳ್ಲವಾ? ನಾಳಿ ಅವರ ಮಾರಿ ನೋಡಬೇಕಲ್ಲ."

ಮಾವನವರು ಇನ್ನೊಮ್ಮೆ ಮೀಟಿದರು. ಅವರಿಗೂ ಕೇಳಲಿಲ್ಲವೆಂದು ಅವರ ಹುಬ್ಬಿನಿಂದ ನನಗೆ ತಿಳಿಯಿತು. ಆಗ ಅವರು ತಂಬೂರಿಯನ್ನು ಎತ್ತಿ ತೊಡೆಯ ಮೇಲೆ ನಿಲ್ಲಿಸಿ, ಅದರ ಕೊರಳನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡರು. ಮುಖ ಸಡಿಲಾಯಿತು. ಹಾಡತೊಡಗಿದರು. ಹಿಂದಿನಿಂದ ಯಾರೋ "ಕೇಳಸವಲ್ದೂ, ಜೋರ ಹಾಡ್ರಿ!" ಎಂದು ಕೂಗಿದರು. ಅವರು ಜೋರು ಮಾಡಲಿಲ್ಲ. ಅವರ ತುಟಿ ಆಡುವುದು ಕಾಣುತ್ತಿತ್ತು, ತೋರುಬೆರಳು ತಂತಿಯ ಮೇಲೆ ಹೋಗಿ ಬರುವುದು ಕಾಣುತ್ತಿತ್ತು. ಪೇಟಿಯ ಸದ್ದು, ಮಕ್ಕಳ ಗದ್ದಲ, ಜೈಕಾರ. ಪದ ಮುಗಿಯಿತು.

ಮನೆಗೆ ಬಂದು ಪೇಟ ತೆಗೆದಿಡುತ್ತ ಮಾವನವರು ಕೇಳಿದರು. "ಹೆಂಗಿತ್ತವಾ?"

"ಕೇಳಸಲಿಲ್ರಿ ಮಾವಾರ."

ಅವರು ನಕ್ಕರು. "ನನಗ ಕೇಳಿಸ್ತು ನೋಡು. ಅಂಥಾ ತಂತಿ ಮಾಡೀರಿ, ಅತ್ತಿ ಸೊಸಿ. ಗಂಟಲ ಒಂದೀಟು ಸುಧಾರಿಸಲಿ, ನಿಂಗ ಪೂರಾ ಹಾಡಿ ತೋರಸ್ತೀನಿ."

ಗಂಟಲು ಸುಧಾರಿಸಲಿಲ್ಲ. ಚಳಿಗಾಲ ಕಳೆಯುವಷ್ಟರಲ್ಲಿ ಮಾತು ಪಿಸುಮಾತಾಯಿತು. ಒಂದು ಮಧ್ಯಾಹ್ನ ತಾವಾಗಿ ನನ್ನನ್ನು ಕರೆದು ತಂಬೂರಿ ಕೊಟ್ಟು ಮೀಟಲು ಹೇಳಿದರು. ಮೊದಲ ಸಾಲಾಯಿತು. ಎರಡನೆಯದಕ್ಕೆ ಕೆಮ್ಮು ಹತ್ತಿತು. ನಾನು ಕೈ ತೆಗೆದೆ. ಬೇಡ, ನಡೆಸು ಎಂದು ಸನ್ನೆ ಮಾಡಿದರು. ಬಹಳ ಹೊತ್ತು ಮೀಟಿದೆ. ಅವರು ಕಣ್ಣು ಮುಚ್ಚಿ ಕುಳಿತೇ ಇದ್ದರು. ಪದ ಅವರ ಒಳಗೇ ನಡೆಯುತ್ತಿತ್ತೆಂದು ತಲೆ ಆಡುವುದರಿಂದ ತಿಳಿಯುತ್ತಿತ್ತು. ಆ ಬೇಸಿಗೆಯಲ್ಲಿ ಅವರು ಹೋದರು.

ಅತ್ತೆಯನ್ನು ಕೇಳಿದೆ. ಅವರಿಗೂ ಮೊದಲ ಸಾಲಷ್ಟೇ ಗೊತ್ತಿತ್ತು. ಕಳಸಾಪುರದ ಕಡೆ ಭಜನೆಗೆ ಹೊರಟಿದ್ದ ಪೇಟಿ ಮಾಸ್ತರರು ಒಮ್ಮೆ ಬಾಗಿಲಲ್ಲಿ ಸಿಕ್ಕರು. ಅವತ್ತು ಚೌಕದಲ್ಲಿ ಮಾವನವರ ಮಗ್ಗುಲಲ್ಲೇ ಕುಳಿತಿದ್ದವರು ಅವರೊಬ್ಬರೇ.

"ಆ ಪದದ ಮುಂದಿನ ಸಾಲು ನೆನಪೈತೇನ್ರಿ ಮಾಸ್ತರ?"

ಅವರು ನೆಲ ನೋಡುತ್ತ ಬಹಳ ಯೋಚಿಸಿದರು. "ಇಲ್ಲವಾ. ನಾ ಅವರ ಬಾಯಿ ನೋಡಿಕೋತ ಪೇಟಿ ಒತ್ತಿದೆ, ಮಾತಿನ ಕಡೆ ಲಕ್ಷ್ಯ ಇರಲಿಲ್ಲ. ಆದರ ತಂತಿ ಮಾತ್ರ, ಆಹಾ, ನೂಲಿನ ಎಳಿ ಇಲ್ಲದನೂ ಎಷ್ಟ ಛಲೋ ನುಡೀತಿತ್ತು!"

ಅವರು ಅದನ್ನು ಮೆಚ್ಚಿ ಹೇಳಿದ್ದು. ನಾನು ಕುಂಡ್ರಿ ಎಂದು ಹೇಳಿ ಚಹಾ ಮಾಡಿ ಕೊಟ್ಟೆ. ಕುಡಿಯುತ್ತ ಕುಡಿಯುತ್ತ ಏನಾದರೂ ನೆನಪಾದೀತೆಂದು ಎದುರಿಗೇ ನಿಂತುಕೊಂಡೆ. ಅವರು ಲೋಟ ಕೆಳಗಿಟ್ಟು ಎದ್ದು ಹೋದರು.